‘ಏನ್ ಬಂದಿತ್ತು?’ ಅಂತ ಅಳಿಯ ಕೇಳಿದಾಗ

(ಪುಣೆಯಲ್ಲಿ ಐಟಿ ಕೆಲಸದಲ್ಲಿರುವ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ. ಆಡುಮಾತಿನ ಜಾಡು ಅಲ್ಲಲ್ಲಿ ಉಳಿದಿದೆ, ಇರಲಿ.)

ಎಲ್ಲರಿಗೂ ನಮಸ್ಕಾರ. ಹಿಂಜವಡಿ ಕಡೆಯವರು ಇನ್ನೂ ದಾರಿಯಲ್ಲಿದ್ದಾರಂತೆ. ಕಾಯುತ್ತ ಕೂತರೆ ಊಟದ ಹೊತ್ತಾಗುತ್ತದೆ, ಶುರು ಮಾಡಿಬಿಡುತ್ತೇನೆ.

ಹೋದ ತಿಂಗಳು ಒಂದು ಪರೀಕ್ಷೆ ಬರೆದೆ. ಎಡಬ್ಲ್ಯುಎಸ್‌ನವರ ಸಲ್ಯೂಷನ್ಸ್ ಆರ್ಕಿಟೆಕ್ಟ್, ಅಸೋಸಿಯೇಟ್ ಮಟ್ಟದ್ದು. ಎಡಬ್ಲ್ಯುಎಸ್ ಅಂದರೆ ಇಂಟರ್ನೆಟ್ ಮೂಲಕ ಕಂಪ್ಯೂಟರು ಬಾಡಿಗೆಗೆ ಕೊಡುವ ಅಮೆಜಾನಿನ ವಿಭಾಗ. ಈ ಸರ್ಟಿಫಿಕೇಟಿನ ಆಯುಷ್ಯ ಮೂರು ವರ್ಷ, ಆಮೇಲೆ ಮತ್ತೆ ಬರೆಯಬೇಕು. ತಲೆಯಲ್ಲಿ ಬಿಳಿಕೂದಲು ಬಂದಮೇಲೂ ಪರೀಕ್ಷೆ ಬಿಡದ ಜಾತಿ ನಮ್ಮದು. ಶಿವಾಜಿನಗರದ ಹತ್ತಿರ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಕೇಂದ್ರ. ಬಾಗಿಲಲ್ಲಿದ್ದಾತ ‘ಖಿಸೆ ದಾಖವಾ’ ಅಂದ. ಕಿಸೆ ಅಂದರೆ ನಮಗೂ ಕಿಸೆಯೇ, ಅನುವಾದ ಬೇಕಾಗಲಿಲ್ಲ. ಕಿಸೆ ಹೊರಗೆಳೆದು ತೋರಿಸಿದೆ, ತೋಳು ಮೇಲೇರಿಸಿದೆ. ಕನ್ನಡಕ ತೆಗೆದು ಕೊಟ್ಟರೆ ಅದರ ಎರಡೂ ಕಡ್ಡಿ ತಿರುಗಿಸಿ ನೋಡಿದ. ಫೋನು, ಕೈಗಡಿಯಾರ, ಪರ್ಸು ಎಲ್ಲ ಲಾಕರಿನೊಳಗೆ. ಕೈಗೆ ಬಂದದ್ದು ಲಾಕರಿನ ಕೀಲಿ, ಅಳಿಸಿ ಬರೆಯುವ ಪ್ಲಾಸ್ಟಿಕ್ ಹಾಳೆ, ಒಂದು ಮಾರ್ಕರ್ ಪೆನ್ನು.

ಯಂತ್ರದ ಮುಂದೆ ಕೂತರೆ ಮೊದಲು ಬರುವುದು ಪ್ರಶ್ನೆಯಲ್ಲ, ಒಪ್ಪಂದ. ಪರೀಕ್ಷೆಯಲ್ಲಿ ಕಂಡ ಯಾವುದನ್ನೂ ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ ಯಾರಿಗೂ ಹೇಳುವುದಿಲ್ಲ ಅಂತ. ಒಪ್ಪದಿದ್ದರೆ ಪರೀಕ್ಷೆಯೇ ಇಲ್ಲ, ಕಟ್ಟಿದ ದುಡ್ಡೂ ಹೋದಂತೆಯೇ. ಈ ಪರದೆಯನ್ನು ಓದಿ ಒಪ್ಪಿದವರು ಇಲ್ಲಿ ಎಷ್ಟು ಜನ, ಕೈ ಎತ್ತಿ ನೋಡೋಣ. ಇಬ್ಬರು. ಅದರಲ್ಲಿ ಒಬ್ಬರು ವಕೀಲರು!

ಪರೀಕ್ಷೆ ಮುಗಿಸಿ ಲಾಕರ್ ತೆಗೆದು ಫೋನ್ ಆನ್ ಮಾಡಿದರೆ ಅಳಿಯನ ಮೆಸೇಜು. ಅಕ್ಕನ ಮಗ, ವಿಜಯಪುರದ ಹುಡುಗ, ವಾಕಡದ ಪಿಜಿಯಲ್ಲಿ ಇರುತ್ತಾನೆ. ಅದೇ ಪರೀಕ್ಷೆಗೆ ಅವನ ಸರದಿ ಎರಡು ವಾರಕ್ಕೆ. ಮೆಸೇಜಿನಲ್ಲಿ ಇದ್ದದ್ದು ಮೂರೇ ಶಬ್ದ: ‘ಮಾಮಾ, ಏನ್ ಬಂದಿತ್ತು?’

ನಾನು ಫೋನ್ ಮಾಡಿ, ‘ಹೇಳೂ ಹಂಗಿಲ್ಲೋ, ಸಹಿ ಮಾಡೇನಿ’ ಅಂದೆ.

‘ಎಲ್ಲಾ ಬ್ಯಾಡ್ರಿ ಮಾಮಾ, ಒಂದೆರಡರೆ ಹೇಳ್ರಿ. ಮನ್ಯಾಗಿನ ಮಾತು, ಯಾರಿಗಿ ಗೊತ್ತಾಗ್ತದ?’

ಅವತ್ತು ಸಂಜೆ ಅಕ್ಕನ ಫೋನು ಬಂತು. ‘ಹುಡುಗಗ ಒಂದೀಟು ಹೇಳಿದ್ರ ನಿನ್ನ ಗಂಟೇನ್ ಹೋಗ್ತೈತಿ?’ ಅಂತ. ನಾನು ಇವತ್ತು ಇಲ್ಲಿ ನಿಂತಿರುವುದು ಅಕ್ಕನಿಗೆ ಉತ್ತರ ಕೊಡಲಿಕ್ಕೆ ಅಂತಲೇ ಇಟ್ಟುಕೊಳ್ಳಿ. ಆಕೆಯ ಪ್ರಶ್ನೆ ತಪ್ಪಲ್ಲ. ನಾವು ಬೆಳೆದದ್ದೇ ಹಾಗೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ನೆನಪು ಮಾಡಿಕೊಳ್ಳಿ. ಮೂರು ತಾಸು ಬರೆದು ಹೊರಗೆ ಬಂದರೆ ಬೇವಿನ ಗಿಡದ ಕೆಳಗೆ ಅಪ್ಪ ಕೂತಿರುತ್ತಿದ್ದ. ಪ್ರಶ್ನೆಪತ್ರಿಕೆ ಕೈಗೆ ತಗೊಂಡು ‘ಇದ ಬರದಿ? ಇದು?’ ಅಂತ ಒಂದೊಂದಕ್ಕೂ ಟಿಕ್ ಹಾಕುತ್ತಿದ್ದ. ಅದೇ ಪತ್ರಿಕೆ ತಂಗಿಗೆ ಹೋಗುತ್ತಿತ್ತು, ಆಮೇಲೆ ಓಣಿಯ ಮಕ್ಕಳಿಗೆ. ಹಳೆಯ ಪ್ರಶ್ನೆಪತ್ರಿಕೆಗಳ ಗೈಡು ಮಾರಿಯೇ ಎಷ್ಟೋ ಪುಸ್ತಕದಂಗಡಿಗಳು ಬದುಕಿದವು. ಗಂಟೆ ಬಾರಿಸಿದ ಮೇಲೆ ಪ್ರಶ್ನೆಪತ್ರಿಕೆ ಊರಿನ ಸೊತ್ತು. ನಮ್ಮಲ್ಲಿ ಸಹಾಯ ಅಂದರೆ ‘ಏನು ಬಂದಿತ್ತು’ ಅಂತ ಹೇಳುವುದು. ಹೇಳದವನು ಜಿಪುಣ, ಇಲ್ಲವೇ ಹೊಟ್ಟೆಕಿಚ್ಚಿನವನು. ಸುಪ್ರೀಂ ಕೋರ್ಟು 2011ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿದ್ಯಾರ್ಥಿ ತಾನು ಬರೆದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಅಂತಲೇ ಹೇಳಿತು. ಸಿಬಿಎಸ್‌ಇ ವಿರುದ್ಧ ನಡೆದ ಪ್ರಕರಣ ಅದು. ಇಂಥ ನೆಲದಿಂದ ಬಂದವರಿಗೆ ‘ಕಂಡದ್ದನ್ನು ಮರೆತುಬಿಡು’ ಅನ್ನುವ ಪರದೆ ವಿಚಿತ್ರ ಅನಿಸದೆ ಇರುತ್ತದೆಯೇ?

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನಮ್ಮದೇ ಐಐಎಂಗಳ ಕ್ಯಾಟ್, ಅಂದರೆ ಎಂಬಿಎ ಸೇರುವವರ ಪರೀಕ್ಷೆ ನೋಡಿ. 2009ರಲ್ಲಿ ಅದು ಮೊದಲ ಸಲ ಕಂಪ್ಯೂಟರಿಗೆ ಬಂದಾಗ ಪ್ರೊಮೆಟ್ರಿಕ್ ಸಂಸ್ಥೆ ಸುಮಾರು ಹತ್ತು ದಿನ ನಡೆಸಿತು. ಇವತ್ತು ಬರೆದವನು ನಾಳೆ ಬರೆಯುವವನಿಗೆ ಹೇಳಿದರೆ ಕೆಟ್ಟಿತು ಅಂತ ಎಲ್ಲರ ಬಾಯಿಗೂ ಒಪ್ಪಂದದ ಬೀಗ. 2015ರಿಂದ ಒಂದೇ ದಿನದಲ್ಲಿ ಮುಗಿಸುವ ಕ್ರಮ ಬಂತು, ಪ್ರಶ್ನೆ, ಕೀ ಉತ್ತರ ಎಲ್ಲ ಹೊರಗೆ ಬಿಡತೊಡಗಿದರು. ಅದೇ ಪರೀಕ್ಷೆ, ಅದೇ ಐಐಎಂಗಳು. ಬದಲಾದದ್ದು ಇಷ್ಟೇ: ಮೊದಲು ಒಂದೇ ಪ್ರಶ್ನೆ ಭಂಡಾರದಿಂದ ದಿನ ದಿನ ತೆಗೆದು ಬಡಿಸುತ್ತಿದ್ದರು, ಆಮೇಲೆ ಒಂದೇ ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿದರು. ಪಂಕ್ತಿ ಎದ್ದಮೇಲೆ ಏನು ಅಡಿಗೆ ಆಗಿತ್ತು ಅಂತ ಯಾರಿಗೆ ಹೇಳಿದರೇನು.

ನಮ್ಮ ತಾಂತ್ರಿಕ ಪರೀಕ್ಷೆಗಳಿಗೆ ಪಂಕ್ತಿಯೇ ಇಲ್ಲ. ಇವತ್ತು ಪುಣೆಯಲ್ಲಿ ಒಬ್ಬ, ನಾಳೆ ಪೋಲೆಂಡಿನಲ್ಲಿ ಒಬ್ಬ, ವರ್ಷಪೂರ್ತಿ ಕೂರುತ್ತಲೇ ಇರುತ್ತಾರೆ. ಒಂದು ಪ್ರಶ್ನೆಯನ್ನು ಪರಿಣತರು ಬರೆದು, ತಿದ್ದಿ, ಅಂಕ ಕೊಡದೆ ಅಭ್ಯರ್ಥಿಗಳ ಮುಂದಿಟ್ಟು ಪರೀಕ್ಷಿಸಿ, ಆಮೇಲೆ ಭಂಡಾರಕ್ಕೆ ಸೇರಿಸುತ್ತಾರೆ. ನಾನು ಬರೆದ 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವೇ ಇಲ್ಲ. ಯಾವ 15 ಅಂತ ನಮಗೆ ಗೊತ್ತಾಗುವುದಿಲ್ಲ. ಇದನ್ನು ಅವರೇ ಎಲ್ಲರಿಗೂ ಪುಕ್ಕಟೆ ಕೊಡುವ ಎಕ್ಸಾಮ್ ಗೈಡಿನಲ್ಲಿ ಬರೆದಿದ್ದಾರೆ, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ! ಪ್ರಶ್ನೆ ಹೊರಗೆ ಬಿದ್ದರೆ ಅದಕ್ಕೆ ಸರಿ ಉತ್ತರ ಕೊಟ್ಟವನು ಬಲ್ಲವನೋ ಕೇಳಿಕೊಂಡವನೋ ಅಂತ ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಅಳತೆಗೋಲನ್ನೇ ಬಗ್ಗಿಸಿದ ಹಾಗೆ.

ಇದು ಹೊಸ ತಲೆನೋವೂ ಅಲ್ಲ. ಜಿಆರ್‌ಇ ಅನ್ನುವ, ಅಮೆರಿಕದಲ್ಲಿ ಉನ್ನತ ವ್ಯಾಸಂಗಕ್ಕೆ ಹೋಗುವವರ ಪರೀಕ್ಷೆ ಕಂಪ್ಯೂಟರಿಗೆ ಬಂದ ಹೊಸತರಲ್ಲಿ, 1994ರಲ್ಲಿ, ಕ್ಯಾಪ್ಲನ್ ಅನ್ನುವ ಕೋಚಿಂಗ್ ಸಂಸ್ಥೆ ತನ್ನ ನೌಕರರನ್ನೇ ಪರೀಕ್ಷೆಗೆ ಕೂರಿಸಿ, ಪ್ರಶ್ನೆ ಬಾಯಿಪಾಠ ಮಾಡಿಸಿಕೊಂಡು ಬಂದಿತು. ‘ನಿಮ್ಮ ಬೇಲಿ ಎಷ್ಟು ಸಡಿಲ ನೋಡಿ’ ಅಂತ ತೋರಿಸಲಿಕ್ಕೆ ಮಾಡಿದ್ದು ಅಂತ ಅವರ ವಾದ. ಪರೀಕ್ಷೆ ನಡೆಸುವ ಇಟಿಎಸ್ ಕೋರ್ಟಿಗೆ ಹೋಯಿತು. 2002ರಲ್ಲಿ ಮೈಕ್ರೋಸಾಫ್ಟ್ ಪರೀಕ್ಷೆಗಳ ಪ್ರಶ್ನೆ ಮಾರುತ್ತಿದ್ದ ಅಮೆರಿಕದ ಒಬ್ಬಾತ ವ್ಯಾಪಾರದ ಗುಟ್ಟು ಕದ್ದ ತಪ್ಪನ್ನು ಒಪ್ಪಿಕೊಂಡ, ಆ ದುಡ್ಡಿನಲ್ಲಿ ಕೊಂಡಿದ್ದ ಫೆರಾರಿ ಕಾರನ್ನೂ ಬಿಟ್ಟುಕೊಡಬೇಕಾಯಿತು. ಆದರೆ ನಮ್ಮಂಥವರಿಗೆ ತಾಗುವ ಪ್ರಕರಣ 2008ರದ್ದು. ಜಿಮ್ಯಾಟ್‌ನ (ಎಂಬಿಎ ಸೇರಲು ಬರೆಯುವ ಇನ್ನೊಂದು ಪರೀಕ್ಷೆ) ಚಾಲ್ತಿ ಪ್ರಶ್ನೆ ಹಂಚುತ್ತಿದ್ದ ಒಂದು ಜಾಲತಾಣದ ಮೇಲೆ 23 ಲಕ್ಷ ಡಾಲರಿಗೂ ಹೆಚ್ಚು ಪರಿಹಾರದ ತೀರ್ಪು ಬಂತು, ಅದರ ಬೆನ್ನಿಗೆ 84 ಅಭ್ಯರ್ಥಿಗಳ ಅಂಕ ರದ್ದಾಯಿತು. ಅವರಲ್ಲಿ ಪ್ರಶ್ನೆ ಬರೆದು ಹಾಕಿದವರಷ್ಟೇ ಅಲ್ಲ, ‘ಹೌದು, ಇದು ನನಗೂ ಬಂತು’ ಅಂತ ಕೆಳಗೆ ಒಂದು ಸಾಲು ಬರೆದವರೂ ಇದ್ದರು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಪ್ರಶ್ನೆಗೆ ಹೆಬ್ಬೆರಳು ಒತ್ತುವಾಗ ಆ ಸಾಲು ನೆನಪಿರಲಿ.

ಕಾನೂನು ಮಾತು ಬೇಗ ಮುಗಿಸುತ್ತೇನೆ, ವಕೀಲರ ಮುಂದೆ ಹೆಚ್ಚು ಮಾತಾಡಬಾರದು. ಪ್ರಶ್ನೆಪತ್ರಿಕೆ ಸೋರಿಕೆಗೆ ಅಂತ 2024ರ ಜೂನ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾಯ್ದೆ ಯುಪಿಎಸ್‌ಸಿ, ರೈಲ್ವೆ, ಬ್ಯಾಂಕು, ಎನ್‌ಟಿಎ ಥರದ ಸಾರ್ವಜನಿಕ ಪರೀಕ್ಷೆಗಳಿಗೆ. ಖಾಸಗಿ ಕಂಪನಿಗಳ ಸರ್ಟಿಫಿಕೇಟ್ ಪರೀಕ್ಷೆ ಅದರೊಳಗೆ ಬರುವುದಿಲ್ಲ. ಹಾಗಂತ ಬಚಾವಾದೆವು ಅಂದುಕೊಳ್ಳಬೇಡಿ. ಪರದೆಯ ಮೇಲೆ ಒತ್ತಿದ ಒಪ್ಪಿಗೆಯೂ ಒಪ್ಪಂದವೇ, 1872ರ ಕರಾರು ಕಾಯ್ದೆಯೂ ಅದರ ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಇವೆ. ಕೋರ್ಟಿಗೆ ಎಳೆಯುವುದು ದೊಡ್ಡ ವ್ಯಾಪಾರಿಗಳನ್ನು. ನಮ್ಮ ನಿಮ್ಮಂಥವರಿಗೆ ಸರ್ಟಿಫಿಕೇಟ್ ರದ್ದು, ಮುಂದೆ ಪರೀಕ್ಷೆಗೆ ಕೂರಲು ನಿಷೇಧ. ಪೂನಾದಲ್ಲಿ ಕೆಲಸ ಹುಡುಕುವವನಿಗೆ ಅಷ್ಟು ಸಾಕಲ್ಲವೇ.

ಇನ್ನು ಡಂಪ್ಸ್, ಅಂದರೆ ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೆ ಉತ್ತರಗಳ ಕಂತೆ. ಈ ಶಬ್ದ ಗೊತ್ತಿಲ್ಲದವರು ಈ ಕೋಣೆಯಲ್ಲಿ ಇಲ್ಲ, ಗೊತ್ತಿಲ್ಲದ ಹಾಗೆ ಮುಖ ಮಾಡಿದವರು ಮಾತ್ರ ಕಾಣುತ್ತಿದ್ದಾರೆ. ನಾನೂ ಅದೇ ಹಾದಿಯಲ್ಲಿ ಬಂದವನು. ಪುಣೆಗೆ ಬಂದ ಹೊಸತು. ಇಂತಿಷ್ಟು ಜನ ಸರ್ಟಿಫೈಡ್ ಇದ್ದರೆ ಕಂಪನಿಗೆ ದೊಡ್ಡ ತಂತ್ರಜ್ಞಾನ ಕಂಪನಿಗಳ ಪಾರ್ಟ್ನರ್ ಪಟ್ಟ ಸಿಗುವ ಕಾಲ. ನಮ್ಮ ಲೀಡ್ ಒಬ್ಬರು ಪೆನ್‌ಡ್ರೈವಿನಲ್ಲಿ ಒಂದು ಪಿಡಿಎಫ್ ಕೊಟ್ಟು, ‘ಶುಕ್ರವಾರ ಎಕ್ಸಾಮ್’ ಅಂದರು. ನೆಟ್‌ವರ್ಕಿಂಗ್ ಪರೀಕ್ಷೆ. ನಾಲ್ಕು ರಾತ್ರಿ ಬಾಯಿಪಾಠ ಮಾಡಿ, ಕೊಟ್ಟ ಸಮಯದಲ್ಲಿ ಅರ್ಧವೂ ಬಳಸದೆ ಎದ್ದು ಬಂದೆ. ಪೇಢೆ ಹಂಚಿದೆ.

ಕೆಲವೇ ವಾರಕ್ಕೆ ಭೋಸರಿಯ ಒಂದು ಕಾರ್ಖಾನೆಯಲ್ಲಿ ಇಡೀ ನೆಟ್‌ವರ್ಕ್ ನಿಂತಿತು ಅಂತ ಕಳಿಸಿದರು. ಹೋಗಿ ನೋಡಿದರೆ ಸ್ವಿಚ್ಚಿನ, ಅಂದರೆ ಕಂಪ್ಯೂಟರುಗಳ ಕೇಬಲ್ಲುಗಳನ್ನು ಜೋಡಿಸುವ ಪೆಟ್ಟಿಗೆಯ, ದೀಪಗಳೆಲ್ಲ ಒಂದೇ ತಾಳಕ್ಕೆ ಪಟಪಟ ಮಿನುಗುತ್ತಿವೆ. ಜಾಲದಲ್ಲಿ ಸುತ್ತು ಬೀಳದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಅನ್ನುವ ಶಬ್ದ ನಾಲಿಗೆ ತುದಿಯಲ್ಲಿತ್ತು. ಆ ಪ್ರಶ್ನೆಗೆ ಉತ್ತರ ‘ಬಿ’ ಅನ್ನುವುದೂ ನೆನಪಿತ್ತು. ಆದರೆ ಮುಂದಿದ್ದ ಪೆಟ್ಟಿಗೆಯಲ್ಲಿ ‘ಬಿ’ ಎಲ್ಲಿದೆ? ಒಂದೂವರೆ ತಾಸು ಬೆವರಿದೆ. ಕೊನೆಗೆ ಅಲ್ಲಿಯ ಎಲೆಕ್ಟ್ರಿಷಿಯನ್, ವಯಸ್ಸಾದವರು, ಮೇಜಿನ ಕೆಳಗೆ ಬಗ್ಗಿ ಚಿಕ್ಕ ಸ್ವಿಚ್ಚೊಂದರಿಂದ ಕೇಬಲ್ ಎಳೆದರು. ಅದರ ಎರಡೂ ತುದಿ ಅದೇ ಸ್ವಿಚ್ಚಿಗೆ ಚುಚ್ಚಿತ್ತು. ಮಾಹಿತಿಯ ಪ್ಯಾಕೆಟ್ಟುಗಳು ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಎಲ್ಲವನ್ನೂ ಉಸಿರುಗಟ್ಟಿಸಿದ್ದವು. ದೀಪಗಳು ಶಾಂತವಾದವು. ‘ಸಾಹೇಬ್, ಕೋರ್ಸ್ ಕೇಲಾ ನಾ ತುಮ್ಹಿ?’ ಅಂತ ಕೇಳಿದರು. ಮಾಡಿದ್ದೆ. ಸರ್ಟಿಫಿಕೇಟು ಬ್ಯಾಗಿನಲ್ಲೇ ಇತ್ತು.

ಇನ್ನೊಂದು ವಿಷಯ. ಡಂಪ್ಸಿನಲ್ಲಿ ಉತ್ತರ ತಪ್ಪಿರುವುದು ಬೇಕಾದಷ್ಟು. ಒಂದೇ ತಪ್ಪನ್ನು ಹತ್ತು ಜನ ಹತ್ತು ಊರಲ್ಲಿ ಬರೆದರೆ ಅದು ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಒಂದೊಂದು ಪ್ರಶ್ನೆಗೆ ಎಷ್ಟು ಸೆಕೆಂಡು ತಗೊಂಡಿರಿ ಅನ್ನುವುದೂ ದಾಖಲಾಗುತ್ತದೆ. ಉದ್ದನೆಯ ಪ್ರಶ್ನೆಯನ್ನು ಓದುವಷ್ಟೂ ಹೊತ್ತು ಹಿಡಿಯದೆ ಉತ್ತರ ಕೊಟ್ಟವನ ಮೇಲೆ ಯಾರಿಗಾದರೂ ಸಂಶಯ ಬಂದೀತು.

ಈಗ ಅಕ್ಕನ ಮಾತಿಗೆ ಬರುತ್ತೇನೆ. ಹೇಳದೆ ಇದ್ದರೆ ಹುಡುಗನಿಗೆ ಸಹಾಯ ಹೇಗೆ? ನಾನು ಅಳಿಯನನ್ನು ಭಾನುವಾರ ಊಟಕ್ಕೆ ಕರೆದೆ. ಮೂರು ತಾಸು ಮಾತಾಡಿದೆವು. ಒಂದು ಪ್ರಶ್ನೆಯೂ ಹೊರಗೆ ಬೀಳಲಿಲ್ಲ.

ಮೊದಲು ಕೇಳಿದ್ದು, ‘ನಿನ್ನ ಹೆಸರು ಹೆಂಗ ರಿಜಿಸ್ಟರ್ ಮಾಡೀದಿ?’ ಅಂತ. ನಗಬೇಡಿ, ನಮ್ಮ ಕಡೆಯವರಿಗೆ ಇದೇ ಮೊದಲ ಗಂಡಾಂತರ. ಆಧಾರಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ನಡುವೆ, ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಆಫೀಸಿನಲ್ಲಿ ಬರೀ ಇನಿಷಿಯಲ್ಲು. ಕೇಂದ್ರದವರು ಗುರುತಿನ ಚೀಟಿಯ ಹೆಸರು ನೋಂದಣಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ನಮ್ಮ ಟೀಮಿನ ಹುಡುಗಿಯೊಬ್ಬಳು ಹೀಗೇ ಬಾಗಿಲಿನಿಂದ ತಿರುಗಿ ಬಂದಿದ್ದಳು. 150 ಡಾಲರ್ ಶುಲ್ಕ ಅಲ್ಲಿಗೇ ಮುಗಿಯಿತು. ನನ್ನ ಅಳಿಯನದೂ ನೋಡಿದರೆ ಹೊಂದುತ್ತಿರಲಿಲ್ಲ. ಅವತ್ತೇ ತಿದ್ದಲಿಕ್ಕೆ ಅರ್ಜಿ ಹಾಕಿಸಿದೆ.

ಎರಡನೆಯದು ಇನ್ನೂ ಒಳ್ಳೆಯದು. ಇಂಗ್ಲಿಷ್ ಮನೆಮಾತಲ್ಲದವರಿಗೆ ಎಡಬ್ಲ್ಯುಎಸ್ 30 ನಿಮಿಷ ಹೆಚ್ಚು ಕೊಡುತ್ತದೆ. ಪರೀಕ್ಷೆ ಬುಕ್ ಮಾಡುವುದಕ್ಕಿಂತ ಮುಂಚೆ ಖಾತೆಯೊಳಗೆ ಹೋಗಿ ಕೇಳಬೇಕು, ಅಷ್ಟೇ. 130 ನಿಮಿಷ 160 ಆಗುತ್ತದೆ. ಏಳನೇ ಇಯತ್ತೆ ತನಕ ಕನ್ನಡ ಸಾಲೆಯಲ್ಲಿ ಓದಿದ ಎಷ್ಟು ಜನ ಇದನ್ನು ಬಿಟ್ಟುಕೊಟ್ಟು, ಆರು ಸಾಲಿನ ಇಂಗ್ಲಿಷ್ ಪ್ರಶ್ನೆಯ ಮುಂದೆ ಒದ್ದಾಡಿದ್ದೀರಿ? ನಾನೂ ಒದ್ದಾಡಿದ್ದೇನೆ, ಮೊದಲ ಸಲ. ಯಾರೂ ಹೇಳಿರಲಿಲ್ಲ. ಹೇಳಬೇಕಾದವರೆಲ್ಲ ನನಗೆ ಪ್ರಶ್ನೆ ಹೇಳುವುದರಲ್ಲಿ ಮುಳುಗಿದ್ದರು.

ಆಮೇಲೆ ಎಕ್ಸಾಮ್ ಗೈಡು ತೆಗೆಸಿದೆ. ಸುರಕ್ಷಿತ ವಿನ್ಯಾಸಕ್ಕೆ ನೂರಕ್ಕೆ 30, ಏನಾದರೂ ಕೆಟ್ಟರೂ ತಡೆದುಕೊಳ್ಳುವ ವಿನ್ಯಾಸಕ್ಕೆ 26, ವೇಗಕ್ಕೆ 24, ಖರ್ಚಿನ ಹಿಡಿತಕ್ಕೆ 20 ಅಂತ ಅವರೇ ಪಾಲು ಹಾಕಿ ಕೊಟ್ಟಿದ್ದಾರೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಖಾಲಿ ಬಿಡಬೇಡ ಅಂತಲೂ ಅದರಲ್ಲೇ ಇದೆ. ಅವನಿಗೆ ಗೊತ್ತೇ ಇರಲಿಲ್ಲ. ಡಂಪ್ಸಿನ ನಾನೂರು ಪುಟ ತಿರುವಿದ್ದ, ಪುಕ್ಕಟೆ ಗೈಡಿನ ಒಂದು ಪುಟ ತೆರೆದಿರಲಿಲ್ಲ.

ಆಮೇಲೆ ಅವನ ಲ್ಯಾಬು, ಅಂದರೆ ಕೈಯಿಂದ ಮಾಡಿ ಕಲಿಯುವುದು. ಎಡಬ್ಲ್ಯುಎಸ್‌ನ ಮುಂಬೈ ವಲಯದಲ್ಲಿ ಒಂದು ಖಾಸಗಿ ಜಾಲ ಕಟ್ಟಿಸಿದೆ. ಸಬ್‌ನೆಟ್ಟಿನ (ಜಾಲದ ಒಂದು ತುಂಡು) ಬಾಗಿಲಿಗೆ ಕಾವಲು ಇರುವ ನೆಟ್‌ವರ್ಕ್ ಎಸಿಎಲ್‌ನಲ್ಲಿ ಒಳಗೆ ಬರಲು ವೆಬ್ ಪುಟದ ಪೋರ್ಟು 443 ತೆರೆದ, ಹೊರಗೆ ಹೋಗಲು ಮರೆತ. ಪುಟ ತೆರೆಯಲಿಲ್ಲ. ಸೆಕ್ಯುರಿಟಿ ಗ್ರೂಪು ಅನ್ನುವ ಇನ್ನೊಂದು ಕಾವಲು ಒಳಗೆ ಬಂದವರ ಮುಖ ನೆನಪಿಟ್ಟುಕೊಂಡು ವಾಪಸ್ ಬಿಡುತ್ತದೆ. ಎಸಿಎಲ್‌ಗೆ ನೆನಪಿನ ಶಕ್ತಿ ಇಲ್ಲ, ಹೋಗುವಾಗ ಮತ್ತೆ ಪಾಸ್ ಕೇಳುತ್ತದೆ. 1024ರಿಂದ 65535ರ ತನಕದ ಪೋರ್ಟುಗಳನ್ನು ಹೊರದಾರಿಗೆ ತೆರೆದಾಗ ಪುಟ ಬಂತು. ಅವನ ಮುಖ ಅರಳಿದ್ದು ನೋಡಬೇಕಿತ್ತು. ಇದು ಪರೀಕ್ಷೆಯಲ್ಲಿ ಬರುತ್ತದೋ ಇಲ್ಲವೋ? ನಾನು ಹೇಳುವುದಿಲ್ಲ. ಗೈಡಿನಲ್ಲಿ ಆ ವಿಷಯ ಇದೆ, ನಾಳೆ ಕೆಲಸದಲ್ಲೂ ಇದೆ, ಅಷ್ಟು ಸಾಕು. ಹಿಂದೊಮ್ಮೆ, ಖಾಸಗಿ ಜಾಲದಿಂದ ಹೊರಗೆ ಹೋಗುವ ದಾರಿಯಾದ ನ್ಯಾಟ್ ಗೇಟ್‌ವೇ ಅಳಿಸಲು ಮರೆತು ತಿಂಗಳ ಕೊನೆಗೆ ನನ್ನ ಕಾರ್ಡಿಗೆ ಮೂರು ಸಾವಿರ ರೂಪಾಯಿ ದಾಟಿದ ಬಿಲ್ಲು ಬಂದ ಕಥೆಯನ್ನೂ ಹೇಳಿದೆ. ಖರ್ಚಿನ ಪಾಠ ಅದರಷ್ಟು ಚೆನ್ನಾಗಿ ಯಾವ ಪುಸ್ತಕವೂ ಕಲಿಸಿಲ್ಲ.

ಗೆರೆ ಎಲ್ಲಿ ಎಳೆಯುವುದು ಅಂತ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ನಾನು ಹೇಳಲಿರುವ ಮಾತನ್ನು, ಪರೀಕ್ಷಾ ಕೋಣೆಯೊಳಗೆ ಕಾಲಿಡದವನೂ ಹೇಳಬಹುದಿತ್ತೇ? ಗೈಡು ಓದಿ, ಕೆಲಸ ಮಾಡಿ ಗೊತ್ತಾದ ಮಾತಾದರೆ ಸರಿ. ಆ 130 ನಿಮಿಷದಲ್ಲಿ ಪರದೆಯ ಮೇಲೆ ನೋಡಿಯೇ ಗೊತ್ತಾದದ್ದಾದರೆ ಬಾಯಿ ಮುಚ್ಚು. ‘ಪ್ರಶ್ನೆ ಹೇಳಲಿಲ್ಲ, ಟಾಪಿಕ್ ಹೇಳಿದೆ’ ಅನ್ನುವ ಜಾಣತನ ಇದೆಯಲ್ಲ, ‘ಎಸ್‌3 ಜಾಸ್ತಿ ಬಂತು, ಅದು ಬರಲೇ ಇಲ್ಲ’ ಅಂತ, ಅದೂ ಈ ಗೆರೆಯ ಆಚೆಗೇ ಬೀಳುತ್ತದೆ. ಅದರಿಂದ ಉಪಯೋಗವೂ ಇಲ್ಲ, ನನಗೆ ಬಂದದ್ದು ನಿಮಗೆ ಬರಬೇಕೆಂದಿಲ್ಲ. ನನ್ನ ಸಮಯ ಹೇಗೆ ಹೋಯಿತು, ಎಲ್ಲಿ ಗಾಬರಿಯಾದೆ, ಎಸಿಯ ಚಳಿಗೆ ಸ್ವೆಟರ್ ಬೇಕಿತ್ತು, ಎಷ್ಟು ತಿಂಗಳು ಓದಿದೆ, ಫೇಲಾದೆನೋ ಪಾಸಾದೆನೋ, ಇವೆಲ್ಲ ನನ್ನವು. ಇವನ್ನು ಯಾವ ಒಪ್ಪಂದವೂ ಕಸಿದುಕೊಂಡಿಲ್ಲ.

ಕೈಯಿಂದ ಮಾಡಿ ತೋರಿಸುವ ಪರೀಕ್ಷೆಗಳಲ್ಲಿ ಈ ಗೆರೆ ಕಾಯುವುದು ಇನ್ನೂ ಸುಲಭ. ಲಿನಕ್ಸ್ ಕಂಪನಿ ರೆಡ್ ಹ್ಯಾಟಿನ ಆರ್‌ಎಚ್‌ಸಿಎಸ್‌ಎ, 300ಕ್ಕೆ 210 ಬೇಕು, ಇಂಟರ್ನೆಟ್ ಇಲ್ಲ. ಅನೇಕ ಸರ್ವರುಗಳಲ್ಲಿ ತಂತ್ರಾಂಶ ಓಡಿಸುವ ಕುಬರ್ನೆಟೀಸ್‌ನ ಸಿಕೆಎ, ಎರಡು ತಾಸು, ಅವರ ದಸ್ತಾವೇಜು ತೆರೆದುಕೊಂಡೇ ಬರೆಯಬಹುದು. ಕೈ ಓಡದವನಿಗೆ ಅಲ್ಲಿ ಪ್ರಶ್ನೆ ಕೇಳಿಕೊಂಡು ಹೋಗಿಯೂ ಗಡಿಯಾರದ ಮುಂದೆ ಉಪಯೋಗವಾಗುವುದು ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಿಟ್ಟನ್ನೂ ಹೇಳಬೇಕು. ಈ ಒಪ್ಪಂದಗಳು ಏಕಪಕ್ಷೀಯ. ದುಡ್ಡು ನಮ್ಮದು, ಬಾಯಿಗೆ ಬೀಗವೂ ನಮಗೇ. ಫೇಲಾದವನಿಗೆ ಯಾವ ಪ್ರಶ್ನೆ ತಪ್ಪಿತು ಅಂತ ತಿಳಿಯುವುದಿಲ್ಲ, ಬರೀ ವಿಭಾಗವಾರು ಸೂಚನೆ. ಪ್ರಶ್ನೆಯೇ ತಪ್ಪಿದ್ದರೆ ನಾಲ್ಕು ಜನರ ಮುಂದೆ ಚರ್ಚಿಸುವ ಹಾಗಿಲ್ಲ. ಓದಲು ಕೆಲವೇ ನಿಮಿಷ ಕೊಟ್ಟು, ಎದೆ ಹೊಡೆದುಕೊಳ್ಳುತ್ತಿರುವಾಗ ಒಪ್ಪಿಸಿಕೊಳ್ಳುವುದು ಯಾವ ನ್ಯಾಯ? ಒಪ್ಪಂದದ ಪೂರ್ತಿ ಪಾಠ ಅವರವರ ಜಾಲತಾಣದಲ್ಲಿ ಮೊದಲೇ ಸಿಗುತ್ತದೆ, ಮನೆಯಲ್ಲಿ ಚಹಾ ಕುಡಿಯುತ್ತ ಓದಿ. ಪ್ರಶ್ನೆ ದೋಷದ್ದು ಅನಿಸಿದರೆ ನೇರ ಪರೀಕ್ಷೆ ನಡೆಸುವವರಿಗೇ ಬರೆಯಿರಿ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: ‘ಸರ್, ಇಂಟರ್‌ವ್ಯೂನಲ್ಲಿ ಎಕ್ಸಾಮಿನಲ್ಲಿ ಏನೇನು ಕೇಳಿದ್ರು ಅಂದ್ರೆ?’ ಅಲ್ಲಿಯೂ ಅದೇ ಗೆರೆ. ‘ಒಪ್ಪಂದ ಇದೆ, ಆದರೆ ಆ ವಿಷಯದಲ್ಲಿ ನನ್ನ ಕೈಯಿಂದ ಮಾಡಿದ ಕೆಲಸ ಹೇಳುತ್ತೇನೆ’ ಅನ್ನಿ. ಬುದ್ಧಿ ಇರುವ ಸಂದರ್ಶಕ ಅಲ್ಲಿಗೆ ನಿಮ್ಮನ್ನು ಅರ್ಧ ಆರಿಸಿರುತ್ತಾನೆ.

ಕೊನೆಗೆ ಹಿಂದಿನ ಸಾಲಿನಿಂದ ಧಾರವಾಡದ ತಂಗಿಯೊಬ್ಬಳು ಎದ್ದಳು. ‘ಅಣ್ಣಾ, ನಂದೂ ನಮ್ಮ ಮನಿಯವರದೂ ಒಂದ ಪರೀಕ್ಷೆ. ಅವರದು ಮಂಗಳವಾರ, ನಂದು ಶುಕ್ರವಾರ. ಗಂಡ ಹೆಂಡತಿಗೂ ಈ ಒಪ್ಪಂದ ಬರತೈತೇನ್ರಿ?’

‘ಬರ್ತದವಾ. ಯಾರಿಗೂ ಅಂದ್ರ ಯಾರಿಗೂ’ ಅಂದೆ.

ಆಕೆ ಪಕ್ಕದಲ್ಲಿ ಕೂತಿದ್ದವನ ಕಡೆ ತಿರುಗಿ, ‘ಕೇಳಿದ್ರಿಲ್ಲ? ಮಂಗಳವಾರ ಬಂದ ಮ್ಯಾಲೆ ಸುಮ್ಮನ ರೊಟ್ಟಿ ಮಾಡ್ಕೋತ ಇರ್ರಿ. ನಾ ಓದ್ತೇನಿ’ ಅಂದಳು. ಅವನು ಎದ್ದು ಚಹಾ ತರಲಿಕ್ಕೆ ಹೋದ.